ಖಮರುದ್ದೀನ್ ರಿಪೇರಿ ಮಾಡಿದ ಜೋಗುಳ

ಪ್ಲಗ್‌ಇನ್ ಎಂಬ ಪದವನ್ನು ಹುಟ್ಟಿಸಿದ ಮಹಾನುಭಾವ ಯಾವ ದೇಶದವನೋ ನನಗೆ ಗೊತ್ತಿಲ್ಲ. ಅವನು ಒಂದೇ ಒಂದು ಸಲ ಕಲಬುರಗಿಯ ಗಾಜಿಪುರಕ್ಕೆ ಬಂದು, ನಮ್ಮ ಮನೆಯಲ್ಲಿ ರೊಟ್ಟಿ ತಿಂದು, ನಮ್ಮ ಅಪ್ಪನ ಜೊತೆ ಸ್ವಲ್ಪ ಹೊತ್ತು ಮಾತಾಡಿ ಹೋಗಿದ್ದರೆ ಆ ಪದವನ್ನು ಅಲ್ಲೇ ಹೊಡೆದುಹಾಕಿ ಬೇರೆ ಏನಾದರೂ ಇಡುತ್ತಿದ್ದ. ಅವನು ಬರಲಿಲ್ಲ. ಅದರಿಂದ ನನಗಾದ ಅನ್ಯಾಯವನ್ನು ಏನೂ ಬಿಡದೆ, ಏನೂ ಸೇರಿಸದೆ ಇಲ್ಲಿ ಬರೆಯುತ್ತಿದ್ದೇನೆ. (ಬಾಯಲ್ಲಿ ಹೇಳಲು ಬರುವಂತಿದ್ದರೆ ಬರೆಯುವ ಕಷ್ಟವೇ ಇರಲಿಲ್ಲ. ಬಾಯಲ್ಲಿ ಹೇಳಲು ಬರುವಂತಿದ್ದರೆ ಈ ಅನ್ಯಾಯವೇ ಆಗುತ್ತಿರಲಿಲ್ಲ.)

ನನ್ನ ಹೆಸರು ಶಿವಶರಣ. ವಯಸ್ಸು ಹದಿನೇಳು. ಮನೆಯಲ್ಲಿ ಶರಣ್ಯಾ ಅನ್ನುತ್ತಾರೆ. ಸಿಟ್ಟು ಬಂದಾಗ ಬೇರೆ ಹೆಸರುಗಳೂ ಇವೆ. ಪಿಯುಸಿ ಮೊದಲ ವರ್ಷದಲ್ಲಿ ಕಾಲೇಜು ಬಿಟ್ಟವನು ಎಂದು ಬಂಧುಗಳು ನನ್ನನ್ನು ಪರಿಚಯಿಸುತ್ತಾರೆ. ಇದು ಪೂರ್ತಿ ಸರಿಯಲ್ಲ. ನಾನು ದಿನಾಲೂ ಹೋಗುತ್ತಿದ್ದೆ, ಗೋಡೆ ಬದಿಯ ಬೆಂಚಿನಲ್ಲಿ ಕೂರುತ್ತಿದ್ದೆ. ಹಾಜರಿ ಕೂಗುವಾಗ ನನ್ನ ಹೆಸರು ಹತ್ತಿರ ಬಂದಂತೆಲ್ಲ ಬೆಂಚಿನ ಅಂಚಿಗೆ ಸರಿದು ಸಿದ್ಧನಾಗುತ್ತಿದ್ದೆ. 'ಯಸ್ ಸರ್' ಎಂಬುದು ಹೊಟ್ಟೆಯಿಂದ ಹೊರಟು ನಾಲಿಗೆಗೆ ಬಂದು ಮುಟ್ಟುವಷ್ಟರಲ್ಲಿ ಸರ್ ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ವರ್ಷದ ಕೊನೆಗೆ ನೋಡಿದರೆ ಹಾಜರಿ ಕೊರತೆ, ಪರೀಕ್ಷೆಗೆ ಕೂರುವಂತಿಲ್ಲ. ಒಂದು ದಿನವೂ ತಪ್ಪಿಸದೆ ಗೈರುಹಾಜರಾದ ವಿದ್ಯಾರ್ಥಿ ಆ ಕಾಲೇಜಿನ ಇತಿಹಾಸದಲ್ಲಿ ನಾನೊಬ್ಬನೇ ಇರಬೇಕು. ಹೋಗಿ ಪ್ರಿನ್ಸಿಪಾಲರಿಗೆ ಇದ್ದದ್ದು ಇದ್ದ ಹಾಗೆ ಹೇಳು ಎಂದು ಎಲ್ಲರೂ ಸಲಹೆ ಕೊಟ್ಟರು. ಸಲಹೆ ಒಳ್ಳೆಯದೇ. ಹೇಳಬೇಕಲ್ಲ.

ಕಾಲೇಜು ಹೋದ ಮೇಲೆ ನನಗೆ ಉಳಿದದ್ದು ಅಡುಗೆಮನೆಯ ಪಕ್ಕದ ಜೋಳದ ಕೋಣೆ ಮತ್ತು ಅಕ್ಕ ಬಿಟ್ಟುಹೋದ ಹಳೆಯ ಕಂಪ್ಯೂಟರು. ಅಲ್ಲಿ ಕೂತು ನಾನು ಸಂಗೀತ ಕೂಡಿಸುವುದನ್ನು ಕಲಿತೆ. ಈ ವಿದ್ಯೆ ಗೊತ್ತಿಲ್ಲದವರಿಗಾಗಿ ಒಂದು ಮಾತು ಹೇಳುತ್ತೇನೆ, ದಯವಿಟ್ಟು ಇದನ್ನು ಹಾರಿಸಬೇಡಿ. ನಮ್ಮ ಮನೆಯಲ್ಲಿ ಎಲ್ಲರೂ ಹಾರಿಸಿದ್ದು ಇದನ್ನೇ. ಸಂಗೀತ ಮಾಡುವ ಸಾಫ್ಟ್‌ವೇರ್ ಅಂದರೆ ಬರೀ ವೇದಿಕೆ. ಜಮಖಾನ ಹಾಸಿದೆ, ಮೈಕ್ ಇಟ್ಟಿದೆ, ಕಲಾವಿದರು ಮಾತ್ರ ಇಲ್ಲ. ಪ್ಲಗ್‌ಇನ್ ಅಂದರೆ ಆ ವೇದಿಕೆಗೆ ಬಂದು ಕೂರುವ ಕಲಾವಿದರು. ತಬಲಾದ್ದೊಂದು, ಹಾರ್ಮೋನಿಯಮ್ಮಿನದೊಂದು, ಕೊಳಲಿನದೊಂದು, ಒಣಗಿದ ದನಿಗೆ ಗುಡಿಯ ಒಳಗಿನ ಗುಂಯ್ ಸದ್ದು ಹಚ್ಚಿಕೊಡುವುದೊಂದು, ಹೀಗೆ. ಎಲ್ಲವೂ ಸಣ್ಣ ಸಣ್ಣ ಸಾಫ್ಟ್‌ವೇರುಗಳೇ. ಈ ಕಲಾವಿದರಿಗೆ ಚಹಾ ಕೊಡಬೇಕಾಗಿಲ್ಲ, ಹೊಗಳಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇವರ ಜೊತೆ ಮಾತಾಡಬೇಕಾಗಿಲ್ಲ.

ಕೋಣೆಯೂ ಉತ್ತಮವಾದದ್ದೇ. ಗೋಡೆಗೆ ಒತ್ತಿ ಇಟ್ಟ ಜೋಳದ ಚೀಲಗಳು ಸದ್ದು ಹೀರಿಕೊಳ್ಳುತ್ತವೆ. ದೊಡ್ಡ ಸ್ಟುಡಿಯೋದವರು ಇದಕ್ಕಾಗಿ ಏನೇನೋ ಅಂಟಿಸುತ್ತಾರಂತೆ. ತೊಂದರೆ ಒಂದೇ. ನಮ್ಮ ಅವ್ವ ಶಂಕ್ರಮ್ಮ ಆಗಾಗ ಬಂದು ನನ್ನ ಸ್ಟುಡಿಯೋದ ಗೋಡೆಯಿಂದ ಒಂದಿಷ್ಟು ತೆಗೆದುಕೊಂಡು ಬೀಸಲು ಕೊಟ್ಟು ಬರುತ್ತಾಳೆ. ಆದ್ದರಿಂದ ನನ್ನ ಸಂಗೀತದ ಗುಣಮಟ್ಟ ನಾವು ಎಷ್ಟು ರೊಟ್ಟಿ ತಿಂದೆವು ಎಂಬುದರ ಮೇಲೆ ನಿಂತಿದೆ.

ಇಂಥ ಹೊತ್ತಿನಲ್ಲಿ ಅಕ್ಕ ಸುನಂದಾಳಿಗೆ ಎರಡನೆಯ ಮಗು ಆಯಿತು. ಅಕ್ಕನನ್ನು ಕೊಟ್ಟದ್ದು ಕಮಲಾಪುರಕ್ಕೆ. ಮೊದಲ ಮಗುವಿನ ಹೆಸರಿಡುವ ಕಾರ್ಯ ನಮ್ಮ ಮನೆಯಲ್ಲಾಗಿತ್ತು. ಆಗ ಅಕ್ಕನ ಅತ್ತೆ ಚಂದಮ್ಮನವರು ಬಂದವರು, ಗಾಜಿಪುರದ ಮಂದಿಗೆ ಜೋಗುಳ ಹಾಡಲು ಬರುವುದಿಲ್ಲ, ಕೂಸಿಗೆ ನಿದ್ದೆ ಬರುವುದು ಬಿಟ್ಟು ಎಚ್ಚರ ಬಂತು ಎಂದು ನಗುನಗುತ್ತಾ ಹೇಳಿ ಹೋಗಿದ್ದರು. ಹಾಡಿದ್ದು ಅವ್ವ. ಆ ಮಾತು ಅವ್ವನ ಎದೆಯಲ್ಲಿ ಕೂತುಬಿಟ್ಟಿತ್ತು. ಈ ಸಲದ ಕಾರ್ಯ ಕಮಲಾಪುರದಲ್ಲೇ. ಬೀಗರ ಊರಲ್ಲಿ, ಚಂದಮ್ಮನವರ ಕಣ್ಣೆದುರಿಗೆ ಬಾಯಿ ತೆರೆದು ಹಾಡಲು ಅವ್ವನಿಗೆ ಧೈರ್ಯವಿಲ್ಲ. ಸುಮ್ಮನೆ ಕೂರಲು ಮನಸ್ಸಿಲ್ಲ. ಕಡೆಗೆ ಅವ್ವನ ಕಣ್ಣು ನನ್ನ ಕೋಣೆಯ ಮೇಲೆ ಬಿತ್ತು. ಇಲ್ಲೇ ಹಾಡಿ, ತಬಲಾ ಹಾರ್ಮೋನಿಯಂ ಎಲ್ಲ ಕೂಡಿಸಿ, ಅಲ್ಲಿ ಮೈಕ್ ಸೆಟ್ಟಿನಲ್ಲಿ ಹಚ್ಚಿಬಿಡುವುದು.

ಅಪ್ಪನ ಹೆಸರು ಅಮರನಾಥ, ಒಂದು ದಾಲ್ ಮಿಲ್ಲಿನಲ್ಲಿ ಗುಮಾಸ್ತರು. ತೂಕವಾಗದ ಮಾಲಿನ ಮೇಲೆ ಅವರಿಗೆ ನಂಬಿಕೆ ಕಡಿಮೆ, ಸಂಗೀತ ಆ ಜಾತಿಯದು. ಅವರು ಊಟದ ತಟ್ಟೆಯಿಂದ ಮುಖ ಎತ್ತದೆ ತೀರ್ಪು ಕೊಟ್ಟರು.

"ಹಾಡು ಕಮಲಾಪುರದಾಗ ಚಲೋ ಬಂತಂದ್ರ ಆ ಜೋಳದ ಖೋಲಿ ನಿಂದು, ಯಾರೂ ಏನೂ ಕೇಳಂಗಿಲ್ಲ. ಬರಲಿಲ್ಲಂದ್ರ ಮರುದಿನದಿಂದ ದೌಲಪ್ಪ ಕಾಕಾನ ಅಂಗಡಿ."

ದೌಲಪ್ಪ ಕಾಕಾ ಅಪ್ಪನ ತಮ್ಮ. ಜಗತ್ ಸರ್ಕಲ್ ಹತ್ತಿರ ಬಣ್ಣದ ಅಂಗಡಿ. ಅಲ್ಲಿ ಬರುವ ಗಿರಾಕಿಗೆ ಒಂದು ಬಿಳಿ ಬಣ್ಣ ಬೇಕಾದರೂ ಎಂಥ ಬಿಳಿ, ಹಾಲಿನ ಬಿಳಿಯೋ ಮೊಟ್ಟೆಯ ಬಿಳಿಯೋ, ಒಳಗೋಡೆಗೋ ಹೊರಗೋಡೆಗೋ, ಮನೆ ಯಾವ ಕಡೆ, ಬೀಗರು ಯಾರು ಎಂದು ಕಾಕಾ ಮಾತಾಡುತ್ತಲೇ ಇರುತ್ತಾರೆ. ವ್ಯಾಪಾರ ಎಂದರೆ ಗಿರಾಕಿಗೆ ಬಾಯಿ ತೆರೆಯಲು ಜಾಗ ಕೊಡದಿರುವುದು ಎಂಬುದು ಅವರ ಸಿದ್ಧಾಂತ. ಆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನನ್ನನ್ನು ನಿಲ್ಲಿಸಿದ ಚಿತ್ರ ಕಣ್ಣಿಗೆ ಬಂದು ನನಗೆ ಅಂದು ರೊಟ್ಟಿ ಇಳಿಯಲಿಲ್ಲ.

ಹಾಡು ಶುರು ಮಾಡುವ ದಿನ ಅವ್ವ ಮಿಂದು, ವಿಭೂತಿ ಹಚ್ಚಿಕೊಂಡು, ಕುಂಕುಮ ಕಲಸಿದ ಬಟ್ಟಲು ಹಿಡಿದು ಕೋಣೆಗೆ ಬಂದಳು. ನಮ್ಮ ಮನೆಯಲ್ಲಿ ಶ್ರೀ ಬರೆಯದೆ ಯಾವ ಕೆಲಸವೂ ಶುರುವಾಗುವುದಿಲ್ಲ. ಅಪ್ಪ ಕಿರಾಣಿ ಚೀಟಿಯ ತಲೆಯ ಮೇಲೂ ಶ್ರೀ ಬರೆಯುತ್ತಾರೆ. ಅವ್ವ ಹೊಸ ಗ್ಯಾಸ್ ಸಿಲಿಂಡರಿಗೂ ಶ್ರೀ ಬರೆದೇ ಒಲೆ ಹಚ್ಚುತ್ತಾಳೆ. ಈಗ ಆ ಒದ್ದೆ ಕುಂಕುಮದ ಬೆರಳು ನೇರವಾಗಿ ನನ್ನ ಕಂಪ್ಯೂಟರಿನ ಪರದೆಯ ಕಡೆಗೆ ಬರುತ್ತಿತ್ತು. ನಾನು ಅಡ್ಡ ಕೈ ಹಿಡಿದು, ಹೊರಗೆ ಬರೆದರೆ ಒರೆಸಿ ಹೋಗುತ್ತದೆ, ಒಳಗೇ ಬರೆಯುತ್ತೇನೆ, ಒಳಗಿನದು ಶಾಶ್ವತ ಎಂದೆ. ಅವ್ವ ಒಪ್ಪಿದಳು.

ಒಳಗೆ ಎಲ್ಲಿ ಬರೆಯುವುದು? ಯಾವ ಕೆಲಸವನ್ನೂ ಕಾಟಾಚಾರಕ್ಕೆ ಮಾಡುವ ಸ್ವಭಾವ ನನ್ನದಲ್ಲ. ಬಹಳ ಯೋಚಿಸಿದೆ. ಹಾಡಿಗೆ ಜೀವ ಕೊಡುವ ಕಲಾವಿದರೆಲ್ಲ ಇರುವ ಜಾಗಕ್ಕಿಂತ ಪವಿತ್ರವಾದ ಜಾಗ ಇನ್ನಾವುದು? ಪ್ಲಗ್‌ಇನ್‌ಗಳನ್ನೆಲ್ಲ ಕೂಡಿಟ್ಟಿದ್ದ ಫೋಲ್ಡರಿನ ಇಂಗ್ಲಿಷ್ ಹೆಸರಿನ ಮುಂದೆ, ಕನ್ನಡದಲ್ಲಿ, ದೀರ್ಘ ತಪ್ಪದಂತೆ ಎರಡು ಸಲ ನೋಡಿ 'ಶ್ರೀ' ಎಂದು ಬರೆದೆ. ಅವ್ವ ಪರದೆಗೆ ಕೈಮುಗಿದಳು. ಆಮೇಲೆ ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ, ಬಾಗಿಲಿಗೆ ಕೌದಿ ಕಟ್ಟಿ ಅವ್ವನ ದನಿಯನ್ನು ಹಿಡಿದುಕೊಂಡೆ. ಬೆವರು ಸುರಿಸುತ್ತಾ, ಜೋಳದ ಚೀಲಕ್ಕೆ ಒರಗಿ ಅವ್ವ ಹಾಡಿದಳು. ಎದುರಿಗೆ ಯಾರೂ ಇಲ್ಲದಿದ್ದರೆ ಅವ್ವ ಬಹಳ ಚೆನ್ನಾಗಿ ಹಾಡುತ್ತಾಳೆ. (ಈ ಗುಣ ನನಗೂ ಅಲ್ಲಿಂದಲೇ ಬಂದಿರಬೇಕು. ಆದರೆ ಬೈಯುವಾಗ ಮಾತ್ರ ಅಪ್ಪನ ಕಡೆಯದು ಅನ್ನುತ್ತಾರೆ.)

ದನಿ ಹಿಡಿಯಲು ಪ್ಲಗ್‌ಇನ್ ಬೇಕಾಗಿಲ್ಲ. ಅವು ಬೇಕಾದದ್ದು ಮರುದಿನ, ವಾದ್ಯ ಕೂಡಿಸಲು ಕೂತಾಗ. ಸಾಫ್ಟ್‌ವೇರ್ ತೆರೆದರೆ ತಬಲಾ ಇಲ್ಲ. ಹಾರ್ಮೋನಿಯಂ ಇಲ್ಲ. ಕೊಳಲು ಇಲ್ಲ. ಪಟ್ಟಿಯಲ್ಲಿ ಎಲ್ಲರ ಹೆಸರೂ ಬೂದಿ ಬಣ್ಣದಲ್ಲಿ ಇದೆ, ಒತ್ತಿದರೆ 'ಸಿಗುತ್ತಿಲ್ಲ' ಎಂಬ ಉತ್ತರ. ಸಭೆ ಸೇರುವ ಹೊತ್ತಿಗೆ ಕಲಾವಿದರೆಲ್ಲ ಊರು ಬಿಟ್ಟಿದ್ದರು.

ಹಿಂದಿನ ರಾತ್ರಿ ಕಂಪ್ಯೂಟರು ತಾನಾಗಿಯೇ ಏನೋ ಅಪ್‌ಡೇಟ್ ಮಾಡಿಕೊಂಡಿತ್ತು. ನನ್ನ ಅನುಮಾನ ನೇರ ಅದರ ಮೇಲೆ ಹೋಯಿತು. ಆರಿಸಿ ಹಚ್ಚಿದೆ. ಪ್ಲಗ್‌ಇನ್ ಹುಡುಕು ಎಂದು ಸಾಫ್ಟ್‌ವೇರಿಗೆ ಆಜ್ಞೆ ಕೊಟ್ಟೆ. ಅದು ಹುಡುಕಿ, ಏನೂ ಸಿಗಲಿಲ್ಲ ಎಂದು ಸಂತೋಷದಿಂದ ತಿಳಿಸಿತು. ವೈರಸ್ ಕಾಯುವ ಸಾಫ್ಟ್‌ವೇರ್ ಇವರನ್ನು ಕಳ್ಳರೆಂದು ಹಿಡಿದಿದೆಯೇ ನೋಡಿದೆ; ಹಿಡಿದಿರಲಿಲ್ಲ. ವೇದಿಕೆಯನ್ನೇ ಕಿತ್ತು ಹೊಸದಾಗಿ ಕಟ್ಟಿದೆ; ವೇದಿಕೆ ಚೆನ್ನಾಗಿ ಬಂತು, ಕಲಾವಿದರು ಬರಲಿಲ್ಲ. ಪ್ಲಗ್‌ಇನ್‌ಗಳನ್ನೇ ಮತ್ತೆ ಇಳಿಸಿಕೊಳ್ಳೋಣವೆಂದರೆ ನಮ್ಮ ಕೋಣೆಯ ನೆಟ್ಟು ಅಷ್ಟು ಭಾರ ಎಳೆಯುವುದಿಲ್ಲ. ಇಂಥ ತೊಂದರೆ ಆದವರು ಒಬ್ಬರಿಗೊಬ್ಬರು ಸಹಾಯ ಮಾಡುವ ಜಾಲತಾಣದಲ್ಲಿ ನನ್ನ ಕಷ್ಟ ಬರೆದೆ. ಯಾರೋ ಪುಣ್ಯಾತ್ಮರು ಕೂಡಲೇ ಕೇಳಿದರು: ಇತ್ತೀಚೆಗೆ ನೀವು ಏನಾದರೂ ಬದಲಾವಣೆ ಮಾಡಿದ್ದೀರಾ? ನಾನು ಕೂತು, ನೆನಪಿಸಿಕೊಂಡು, ಪ್ರಾಮಾಣಿಕವಾಗಿ 'ಇಲ್ಲ' ಎಂದು ಉತ್ತರಿಸಿದೆ. ಶ್ರೀ ಬರೆಯುವುದನ್ನು ಯಾರಾದರೂ ಬದಲಾವಣೆ ಅನ್ನುತ್ತಾರೆಯೇ? ಅದು ಭಕ್ತಿ.

ಸಂಜೆ ಅಪ್ಪ ಮಿಲ್ಲಿನಿಂದ ಬಂದರು. ಕೋಣೆಯಿಂದ ಸದ್ದಿಲ್ಲದ್ದನ್ನು ಕಂಡು ಬಾಗಿಲಲ್ಲಿ ನಿಂತು, ಏನಾಯಿತು ಎಂದರು. ನಾನು ಮಾತನ್ನು ಉಳಿತಾಯ ಮಾಡುವವನು. ಇದ್ದದ್ದನ್ನು ಎರಡೇ ಪದದಲ್ಲಿ ಹೇಳಿದೆ.

"ಪ್ಲಗ್‌ಇನ್ ಹೋಗ್ಯಾವ."

ಅಪ್ಪ ನನ್ನನ್ನು ನೋಡಲಿಲ್ಲ. ಗೋಡೆಯನ್ನು ನೋಡಿದರು. ಗೋಡೆಯ ಮೇಲಿನ ಸ್ವಿಚ್ ಬೋರ್ಡನ್ನು, ಅದಕ್ಕೆ ಚುಚ್ಚಿದ್ದ ಪ್ಲಗ್ಗನ್ನು ನೋಡಿದರು. ಪ್ಲಗ್ ಅಂದರೆ ಆ ಪ್ಲಗ್ ಅಲ್ಲ, ಒಳಗಿನ ತಬಲಾ ಎಂದು ನಾನು ಗಡಿಬಿಡಿಯಲ್ಲಿ ಸೇರಿಸಿದೆ.

"ತಬಲಾ ಹೋಗ್ಯಾವಂದ್ರ ಎಲ್ಲಿ ಹೋಗ್ಯಾವ? ನಮ್ಮ ಮನ್ಯಾಗ ತಬಲಾ ಯಾವಾಗ ಇದ್ದು?"

"ಕಂಪ್ಯೂಟರಿನಾಗಿದ್ದು."

"ಕಂಪ್ಯೂಟರ್ ಇಲ್ಲೇ ಅದ ಅಲ್ಲ?"

"ಅದ. ಪ್ಲಗ್‌ಇನ್ ಸಿಗವಲ್ದು."

"ಅದನ್ನೇ ನಾ ಹೇಳಾಕತ್ತೀನಿ," ಅಂದರು ಅಪ್ಪ, ಮತ್ತು ಖಮರುದ್ದೀನನಿಗೆ ಫೋನ್ ಹಚ್ಚಿದರು.

ಖಮರುದ್ದೀನ್ ಗಾಜಿಪುರದ ಎಲೆಕ್ಟ್ರಿಷಿಯನ್. ಮದುವೆ, ಸಭೆಗಳಿಗೆ ಮೈಕ್ ಸೆಟ್ಟನ್ನೂ ಕೊಡುತ್ತಾನೆ. ಒಳ್ಳೆಯ ಮನುಷ್ಯ. ಅವನ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಸಿಟ್ಟು ಮಾಡಲು ಅವನು ಜಾಗ ಕೊಡುವುದಿಲ್ಲ, ಅಷ್ಟು ನಗುತ್ತಾನೆ. ಬೆಳಿಗ್ಗೆ ಬಂದವನು ನನ್ನ ಕಂಪ್ಯೂಟರಿನ ವೈರನ್ನು ಗೋಡೆಯಿಂದ ಸರಕ್ಕನೆ ಕಿತ್ತ. (ಕಂಪ್ಯೂಟರನ್ನು ಮೊದಲು ಸರಿಯಾಗಿ ಆರಿಸಬೇಕು. ಹೇಳುವಷ್ಟರಲ್ಲಿ ಪರದೆ ಕಪ್ಪಾಗಿತ್ತು.) ಪ್ಲಗ್ಗನ್ನು ಬೆಳಕಿಗೆ ಹಿಡಿದು, ಕಣ್ಣು ಸಣ್ಣ ಮಾಡಿ ನೋಡಿದ.

"ಅಮರಣ್ಣಾ, ಪೂರಾ ಲೂಸ್ ಅದರಿ ಇದು. ಹೀಂಗಿದ್ರ ತಬಲಾ ಎಲ್ಲಿಂದ ಬರ್ತದ?"

ಅಪ್ಪ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ವರ್ಣಿಸಲಾರೆ. ಕಾಲೇಜಿನ ಹಾಜರಿ ಕೊರತೆಯ ದಿನ ನೋಡಿದ್ದರಲ್ಲ, ಅದರ ಮರಿ. ಹೊಸ ಪ್ಲಗ್ಗು ಬಂತು. ಕಲಾವಿದರು ಬರಲಿಲ್ಲ. ಹಾಗಾದರೆ ಬೋರ್ಡಿನದೇ ದೋಷ, ನಾಳೆ ಬೋರ್ಡ್ ತಂದು ಹಾಕುತ್ತೇನೆ, ಫಿಕರ್ ಮಾಡಬೇಡಿ ಎಂದು ಹೇಳಿ ಖಮರುದ್ದೀನ್ ಹೋದ. ನಾನು ಒಂದು ಹಾಳೆಯಲ್ಲಿ ವೇದಿಕೆ, ಕಲಾವಿದರು, ಬಾಣದ ಗುರುತು ಎಲ್ಲ ಬರೆದು ಅಪ್ಪನಿಗೆ ತೋರಿಸಿದೆ. ಅಪ್ಪ ಅದನ್ನು ಬಹಳ ಹೊತ್ತು ನೋಡಿ, ಚಿತ್ರ ಚೆನ್ನಾಗಿದೆ, ಆದರೆ ವೈರ್ ತೋರಿಸಿಲ್ಲ ಎಂದರು.

ಕಾರ್ಯಕ್ಕೆ ಇನ್ನು ಒಂದೇ ದಿನ ಉಳಿಯಿತು. ದೌಲಪ್ಪ ಕಾಕಾ ಫೋನ್ ಮಾಡಿ, ನನ್ನ ಅಂಗಿಯ ಅಳತೆ ಕೇಳಿದರು. ಅಂಗಡಿಯ ಹುಡುಗರಿಗೆಲ್ಲ ಒಂದೇ ಬಣ್ಣದ ಅಂಗಿ ಹೊಲಿಸುತ್ತಿದ್ದಾರಂತೆ. ನಾನು ಜೋಳದ ಚೀಲದ ಮೇಲೆ ಕೂತೆ. ಆಗ ಅವ್ವ ಬಂದು ಬಾಗಿಲು ಮುಂದೆ ಮಾಡಿ, ಬಹಳ ಮೆಲ್ಲಗೆ ಕೇಳಿದಳು. ನಡುವೆ ಕರೆಂಟ್ ಹೋಗಿತ್ತು, ಖಮರುದ್ದೀನ್ ಬೇರೆ ಒಮ್ಮೆಲೇ ವೈರ್ ಕಿತ್ತಿದ್ದ. ಒಳಗೆ ಬರೆದ ಶ್ರೀ ಅಳಿಸಿ ಹೋಗಿರಬಹುದೇ? ಅಳಿಸಿ ಹೋದದ್ದಕ್ಕೇ ಹೀಗಾಗುತ್ತಿರಬಹುದೇ?

ಅಳಿಸಿಲ್ಲ ಎಂದು ತೋರಿಸಲು ನಾನು ಎದ್ದು ಆ ಫೋಲ್ಡರ್ ತೆರೆದೆ. ಶ್ರೀ ಇತ್ತು. ದೀರ್ಘವೂ ಸರಿಯಾಗಿತ್ತು. ನೋಡವ್ವ ಎಂದು ಬೆರಳು ಇಟ್ಟವನು ಹಾಗೇ ನಿಂತೆ.

ಸಾಫ್ಟ್‌ವೇರ್ ಹುಡುಕುತ್ತಿದ್ದದ್ದು ಹಳೆಯ ಹೆಸರಿನ ಫೋಲ್ಡರನ್ನು. ಆ ಹೆಸರಿನ ಫೋಲ್ಡರ್ ಈಗ ಲೋಕದಲ್ಲೇ ಇಲ್ಲ. ಹೊಸ ವಿಳಾಸವನ್ನೇ ಕೊಟ್ಟು ನೋಡಿದೆ. ಪರದೇಶದ ಆ ಸಾಫ್ಟ್‌ವೇರಿಗೆ ಕನ್ನಡ ಓದಲು ಬರುವುದಿಲ್ಲ. ಶ್ರೀ ಇದ್ದ ಜಾಗದಲ್ಲಿ ಖಾಲಿ ಚೌಕಗಳನ್ನು ತೋರಿಸಿ, ಇಂಥ ಜಾಗ ಇಲ್ಲ ಎಂದಿತು. ಊರೆಲ್ಲ ಹುಡುಕಿದ ಕಳ್ಳ ನಾನೇ ಆಗಿದ್ದೆ, ಅದೂ ದೇವರ ಹೆಸರಿನಲ್ಲಿ.

ಅಲ್ಲಿಯೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಹುಟ್ಟಿದಂದಿನಿಂದ ಬಾಯಿ ಮುಚ್ಚಿಕೊಂಡೇ ಇದ್ದವನಿಗೆ ಸರಿಯಾಗಿ ಆ ಹೊತ್ತಿನಲ್ಲಿ ಮಾತು ಬಂತು.

"ಅವ್ವಾ, ಇದನ್ನ ತೆಗೀಬೇಕಾಗ್ತದ."

"ಏನ?"

"ಶ್ರೀ."

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೂಸಿನ ಹೆಸರಿಡೋ ಹಾಡಿನ ಮ್ಯಾಗಿನ ಶ್ರೀ ಅಳಸ್ತೀನಂತೀ? ಸಾಲಿ ಬಿಟ್ಟಿ, ಸುಮ್ನಿದ್ದೆ. ಮಂದಿ ಕೂಡ ಮಾತು ಬಿಟ್ಟಿ, ಸುಮ್ನಿದ್ದೆ. ಈಗ ಶ್ರೀನೂ ಬಿಡಾವ ಏನು?"

ಬಿಡುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಫ್ಟ್‌ವೇರಿಗೆ ತಿಳಿಯುತ್ತದೆ, ದೇವರಿಗೂ ತಿಳಿಯುತ್ತದೆ ಎಂದು ವಿನಂತಿ ಮಾಡಿದೆ.

"ಕಾಲೇಜಿನಾಗೂ ಎಲ್ಲಾ ಇಂಗ್ಲಿಷಿನಾಗೇ ಬರದಿ. ಏನ್ ಉದ್ಧಾರಾತು?" ಅಂದಳು ಅವ್ವ. ಇಟ್ಟ ಶ್ರೀ ಇಟ್ಟಲ್ಲೇ ಇರಬೇಕು, ಅದರ ಮೇಲೆ ಕೈ ಹಾಕಿದರೆ ಆ ಹಾಡನ್ನು ಕೂಸಿನ ಕಿವಿಗೆ ಬೀಳಲು ತಾನು ಬಿಡುವುದಿಲ್ಲ, ನಾಳೆ ಮೈಕೇ ಬೇಡ ಎಂದು ಹೇಳಿ ಅವ್ವ ಬಾಗಿಲ ಹತ್ತಿರ ಕಾವಲು ನಿಂತಳು.

ಶ್ರೀ ಇದ್ದರೆ ಹಾಡಿಲ್ಲ. ಹಾಡಿಲ್ಲದಿದ್ದರೆ ಬಣ್ಣದ ಅಂಗಡಿ. ಶ್ರೀ ಅಳಿಸಿದ್ದು ಅವ್ವನಿಗೆ ಗೊತ್ತಾದರೆ ಹಾಡೂ ಇಲ್ಲ, ಅವ್ವನೂ ಇಲ್ಲ.

ಆಗ ಹೊರಗೆ ಖಮರುದ್ದೀನನ ನಗು ಕೇಳಿತು. ಹೊಸ ಬೋರ್ಡ್ ತಂದಿದ್ದ. ಅವನಿಗೆ ಚಹಾ ಕೊಡಲು ಅವ್ವ ಅಡುಗೆಮನೆಗೆ ಹೋಗಬೇಕಾಯಿತು. ನಾನು ಕಣ್ಣು ಮುಚ್ಚಿ, ನಮ್ಮ ದೇವರು ಶರಣಬಸವಪ್ಪನಲ್ಲಿ ತಪ್ಪೊಪ್ಪಿಕೊಂಡು, ಶ್ರೀ ಅಳಿಸಿದೆ. ಫೋಲ್ಡರಿಗೆ ಹಳೆಯ ಹೆಸರು ಬಂತು. ಪರದೆಯ ನಟ್ಟನಡುವೆ ಒಂದು ಖಾಲಿ ಫೋಲ್ಡರ್ ಮಾಡಿ, ಅದಕ್ಕೆ ಶ್ರೀ ಎಂದು ಹೆಸರಿಟ್ಟೆ. ಅದರೊಳಗೆ ಏನೂ ಇಲ್ಲ. ಶ್ರೀಗೆ ಒಂದು ಸ್ವಂತ ಮನೆ ಎಂದು ಸಮಾಧಾನ ಮಾಡಿಕೊಂಡೆ. ಸಾಫ್ಟ್‌ವೇರ್ ತೆರೆದು ನೋಡೋಣ ಎಂದು ಕೈ ಎತ್ತಿದೆ. ಅಷ್ಟರಲ್ಲಿ ಖಮರುದ್ದೀನ್ ಪಡಸಾಲೆಯ ಮೇನ್ ಸ್ವಿಚ್ ಆರಿಸಿದ.

ಬೋರ್ಡ್ ಬದಲಾಯಿಸುವ ತನಕ ನಾನು ಕತ್ತಲೆ ಪರದೆಯ ಮುಂದೆ ಕೂತಿದ್ದೆ. ಅಪ್ಪ ಟಾರ್ಚ್ ಹಿಡಿದು ನಿಂತಿದ್ದರು. ಅವ್ವ ಚಹಾ ಹಿಡಿದು ನಿಂತಿದ್ದಳು. ಕಡೆಗೆ ಕರೆಂಟ್ ಬಂತು, ಕಂಪ್ಯೂಟರ್ ಎದ್ದಿತು, ಸಾಫ್ಟ್‌ವೇರ್ ತೆರೆಯಿತು, ನಾನು ಒತ್ತಿದೆ. ತಬಲಾ ನುಡಿಯಿತು. ಹಾರ್ಮೋನಿಯಂ ಎಳೆಯಿತು. ಕೊಳಲು ಬಂತು. ಇಷ್ಟು ದಿನ ಎಲ್ಲಿ ಹೋಗಿದ್ದಿರಪ್ಪಾ ಎಂದು ಕೇಳುವಂತೆ ಕಣ್ಣಲ್ಲಿ ನೀರು ಬಂತು.

ನನ್ನ ಹಿಂದೆ ಅಪ್ಪ ಖಮರುದ್ದೀನನ ಬೆನ್ನು ತಟ್ಟುತ್ತಿದ್ದರು. ಅವ್ವ ಪರದೆಯ ಮೇಲಿನ ಶ್ರೀಗೆ ಕೈಮುಗಿದು, ಖಮರುದ್ದೀನನಿಗೆ ಇನ್ನೊಂದು ಕಪ್ ಚಹಾ ತರಲು ಹೋದಳು.

"ಬೋರ್ಡೇ ಹೋಗಿತ್ರಿ," ಎಂದ ಖಮರುದ್ದೀನ್, ಕೈ ಒರೆಸಿಕೊಳ್ಳುತ್ತಾ. "ಈಗ ನೋಡ್ರಿ, ಪ್ಲಗ್ ಹ್ಯಾಂಗ ಕಚ್ಚಿ ಇನ್ ಆಗ್ಯಾದ."

ಹಾಡನ್ನು ಸರಿ ಮಾಡಿದವನೇ ಅಲ್ಲೂ ಇರಲಿ, ಮತ್ತೆ ಕೆಟ್ಟರೆ ಯಾರು ನೋಡುತ್ತಾರೆ ಎಂದು ಅಪ್ಪ ಕಮಲಾಪುರದ ಮೈಕ್ ಸೆಟ್ಟನ್ನೂ ಖಮರುದ್ದೀನನಿಗೇ ಹೇಳಿದರು. ನಾನು ಅವತ್ತು ಪೂರ್ತಿ ಕೂತು ವಾದ್ಯ ಕೂಡಿಸಿದೆ. ಅವ್ವ ಉಸಿರು ತೆಗೆದುಕೊಳ್ಳುವ ಜಾಗಗಳಲ್ಲಿ ಕೊಳಲನ್ನು ಮೆಲ್ಲಗೆ ಇಟ್ಟೆ. ಅದು ಯಾರಿಗೂ ಗೊತ್ತಾಗಬಾರದು, ಗೊತ್ತಾಗದಂತೆ ಇಡುವುದೇ ಕೆಲಸ. ಈ ವಿದ್ಯೆಯಲ್ಲಿ ಮಾತ್ರ ನನಗೆ ಪೂರ್ಣ ಅಂಕ, ಯಾರಿಗೂ ಗೊತ್ತಾಗಲಿಲ್ಲ.

ಕಮಲಾಪುರದಲ್ಲಿ ಅಕ್ಕನ ಮನೆಯ ಬಾಗಿಲಿಗೆ ಕೆಂಪು ಬಾಳೆಯ ಗೊನೆಗಳನ್ನು ಕಟ್ಟಿದ್ದರು. ಅಕ್ಕನ ಗಂಡ ದಿಲೀಪ ಮಾಮಾ ಬಾಳೆಹಣ್ಣಿನ ವ್ಯಾಪಾರಿ. ಬಂದವರ ಕೈಗೆಲ್ಲ ಹಣ್ಣು ಕೊಡುತ್ತಾ ಓಡಾಡುತ್ತಿದ್ದರು. ಖಮರುದ್ದೀನ್ ಮೊದಲೇ ಬಂದು ಸ್ಪೀಕರ್ ಕಟ್ಟಿದ್ದ. ತೊಟ್ಟಿಲು ತೂಗುವ ಹೊತ್ತಿಗೆ ಹಾಡು ಹಚ್ಚಿದರು.

ಹೊಗಳಿಕೊಳ್ಳಬಾರದು, ಆದರೂ ಬರೆಯುತ್ತೇನೆ: ಹಾಡು ಚೆನ್ನಾಗಿತ್ತು. ಹೆಂಗಸರು ಮಾತು ನಿಲ್ಲಿಸಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೂಸು ನಿದ್ದೆ ಮಾಡಿತು. ಚಂದಮ್ಮನವರು ತೊಟ್ಟಿಲ ಹಗ್ಗ ಹಿಡಿದವರು ಹಾಡು ಮುಗಿದರೂ ಬಿಡಲಿಲ್ಲ. ಅವ್ವ ಕಂಬದ ಹಿಂದೆ ನಿಂತು ಅವರ ಮುಖವನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ಹಚ್ಚಿರಿ ಎಂದರು ಚಂದಮ್ಮನವರು. ಅವ್ವನ ಎದೆಯಿಂದ ಒಂದು ಮುಳ್ಳು ಹೊರಬಂದದ್ದು ನನಗೆ ಅಲ್ಲಿಂದಲೇ ಕಂಡಿತು.

ಎರಡನೆಯ ಸಲ ಮುಗಿದ ಮೇಲೆ ದಿಲೀಪ ಮಾಮಾ ಒಂದು ಶಾಲು ಹಿಡಿದುಕೊಂಡು ಬಂದು, ಈ ಹಾಡು ತಯಾರು ಮಾಡಿದ ನಮ್ಮ ಶಿವಶರಣ ಎರಡು ಮಾತು ಹೇಳಬೇಕು ಎಂದು ಮೈಕಿನಲ್ಲಿ ಸಾರಿ, ಮೈಕನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಇಂಥದ್ದೇನಾದರೂ ಆದೀತು ಎಂದು ಹೆದರಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಎರಡು ವಾಕ್ಯ ಬಾಯಿಪಾಠ ಮಾಡಿದ್ದೆ. ಹಾಡಿದವರು ನಮ್ಮ ಅವ್ವ. ವಾದ್ಯ ಕೂಡಿಸಿದವನು ನಾನು. ಇಷ್ಟೇ. ಮೊದಲನೆಯದು ಸಣ್ಣ ದನಿಯಲ್ಲಿ ಬಂದೂ ಬಿಟ್ಟಿತು. ಎರಡನೆಯದಕ್ಕೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಚಂದಮ್ಮನವರು ಪ್ರೀತಿಯಿಂದ ಕೇಳಿದರು.

"ನಿನ್ನಿ ತನಕ ಪೂರಾ ಕೆಟ್ಟು ನಿಂತಿತ್ತಂತಲ್ಲೋ ತಮ್ಮಾ. ಏನಾಗಿತ್ತು? ಹ್ಯಾಂಗ ಸರಿ ಮಾಡಿದಿ?"

ಊಟಕ್ಕೆ ಕೂತಾಗ ಅಪ್ಪ ಎಲ್ಲರಿಗೂ ಕಥೆ ಹೇಳಿದ್ದರು. ಈಗ ಇಡೀ ಕಮಲಾಪುರ ನನ್ನ ಬಾಯಿ ನೋಡುತ್ತಿತ್ತು. ಆ ಪ್ರಶ್ನೆಗೆ ಲೋಕದಲ್ಲಿ ಒಂದೇ ಒಂದು ನಿಜವಾದ ಉತ್ತರವಿತ್ತು. ಶ್ರೀ ಅಳಿಸಿದೆ. ತೊಟ್ಟಿಲಲ್ಲಿ ಕೂಸು, ಹಗ್ಗ ಹಿಡಿದು ಬೀಗತಿ, ಕಂಬದ ಹಿಂದೆ ಅವ್ವ, ಅವ್ವನ ಮುಖದಲ್ಲಿ ಎಷ್ಟೋ ದಿನಗಳ ನಂತರ ಕಂಡ ನಗು. ಸುಳ್ಳು ಹೇಳಲು ನನಗೆ ಬರುವುದಿಲ್ಲ. ಅದಕ್ಕೆ ಇನ್ನೂ ಹೆಚ್ಚು ಮಾತು ಬೇಕು. ನಿಜ ಹೇಳುವಂತಿಲ್ಲ. ನಾನು ಮೈಕ್ ಹಿಡಿದು ನಿಂತೆ. ಮೈಕಿನಲ್ಲಿ ನನ್ನ ಉಸಿರು ಮಾತ್ರ ಊರಿಗೆಲ್ಲ ಕೇಳುತ್ತಿತ್ತು. ಕಡೆಗೆ, ಪ್ರಾಮಾಣಿಕವಾಗಿ ಹೇಳಲು ಬೇರೇನೂ ಹೊಳೆಯದೆ, "ಪ್ಲಗ್‌ಇನ್…" ಎಂದೆ. ಮುಂದಕ್ಕೆ ಬರಲಿಲ್ಲ.

ಖಮರುದ್ದೀನನಿಗೆ ನನ್ನ ಮೇಲೆ ಕರುಣೆ ಬಂತು. ನನ್ನ ಕೈಯಿಂದ ಮೈಕ್ ತೆಗೆದುಕೊಂಡು, "ಪ್ಲಗ್ ಇನ್ ಇದ್ದಿದ್ದಿಲ್ರಿ ಅಮ್ಮಾ. ಬೋರ್ಡ್ ಖರಾಬ್ ಆಗಿತ್ತು, ನಾ ಹೊಸಾದು ಹಾಕಿ ಇನ್ ಮಾಡ್ದೆ. ಹುಡುಗಗ ಪಾಪ, ತಿಳೀಲಿಲ್ಲ," ಎಂದು ಇದ್ದದ್ದನ್ನು ಇದ್ದ ಹಾಗೆ, ಅವನಿಗೆ ಕಂಡ ಹಾಗೆ, ಹೇಳಿದ.

ಕಮಲಾಪುರ ಚಪ್ಪಾಳೆ ತಟ್ಟಿತು. ದಿಲೀಪ ಮಾಮಾ ಒಂದು ಕ್ಷಣ ಶಾಲನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಶಾಲು ಖಮರುದ್ದೀನನ ಹೆಗಲಿಗೆ ಹೋಯಿತು. ಅವನಿಗೆ ಅದು ಚೆನ್ನಾಗಿಯೂ ಕಂಡಿತು. ಬೇಡ ಬೇಡ ಎಂದು ಬಹಳ ಸಂಕೋಚ ಪಟ್ಟ. ಸಂಕೋಚವನ್ನೂ ನನಗಿಂತ ಚೆನ್ನಾಗಿ ಮಾಡಿದ.

ಅಪ್ಪ ಕೊಟ್ಟ ಮಾತಿಗೆ ತಪ್ಪುವವರಲ್ಲ. ಹಾಡು ಚಲೋ ಬಂದಿತ್ತು. ಆದ್ದರಿಂದ ಬಣ್ಣದ ಅಂಗಡಿ ರದ್ದಾಯಿತು, ದೌಲಪ್ಪ ಕಾಕಾ ಅಂಗಿಯನ್ನು ಬೇರೆ ಹುಡುಗನಿಗೆ ಕೊಟ್ಟರು, ಕೋಣೆ ನನ್ನದೇ ಆಯಿತು. ಆದರೆ ಮರಳಿ ಬರುವಾಗ ಅಪ್ಪ ಖಮರುದ್ದೀನನ ಟೆಂಪೋದಲ್ಲಿ ಅವನ ಪಕ್ಕ ಕೂತರು. ನಾನು ಹಿಂದೆ ಸ್ಪೀಕರುಗಳ ನಡುವೆ ಇದ್ದೆ. ಹುಮನಾಬಾದ್ ರಸ್ತೆಯ ಗಾಳಿಯಲ್ಲೂ ಮಾತು ಸ್ಪಷ್ಟವಾಗಿ ಕೇಳಿತು.

"ಇವನಿಗೆ ಜರಾ ಪ್ಲಗ್ಗಿನ ಕೆಲಸಾ ಕಲಸು ಖಮರುದ್ದೀನ್. ಮಾರಿ ಮುಂದಿನ ಗ್ವಾಡಿದು ತಿಳೀಲಿಲ್ಲ ಇವನಿಗೆ. ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ಯಾನು?"

ಖಮರುದ್ದೀನ್ ಸಂತೋಷದಿಂದ ಒಪ್ಪಿದ. ಹೀಗೆ ನಾನು ಉದ್ಯೋಗಸ್ಥನಾದೆ. ಅವ್ವ ಕೇಳಿದವರಿಗೆಲ್ಲ, ನಮ್ಮ ಶರಣ್ಯಾ ಈಗ ಪ್ಲಗ್‌ಇನ್ ಕೆಲಸ ಮಾಡುತ್ತಾನೆ ಎಂದು ಹೆಮ್ಮೆಯಿಂದ ಹೇಳುತ್ತಾಳೆ. ಅದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿ ನೋಡಿದೆ, ಸಿಗಲಿಲ್ಲ.

ಮೊದಲ ಕೆಲಸ ಶರಣಬಸವೇಶ್ವರ ಗುಡಿಯ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ, ಮದುವೆ. ವೈರ್ ಎಳೆದೆ, ಸ್ಪೀಕರ್ ಎತ್ತಿದೆ, ಪ್ಲಗ್ಗು ಚುಚ್ಚಿದೆ; ಯಾವುದರಲ್ಲೂ ತಪ್ಪಿಲ್ಲ. ಆಮೇಲೆ ಖಮರುದ್ದೀನ್ ದೂರದಲ್ಲಿ ಮೈಕ್ ಸೆಟ್ಟಿನ ಪೆಟ್ಟಿಗೆಯ ಮುಂದೆ ಕೂತು, ಕೈ ಎತ್ತಿ, ವೇದಿಕೆಯ ಮೇಲೆ ಹೋಗಿ ಮೈಕಿನಲ್ಲಿ ಹಲೋ ಹಲೋ ಅನ್ನು ಎಂದು ಸನ್ನೆ ಮಾಡಿದ. ಸದ್ದು ಎಲ್ಲ ಕಡೆ ಸರಿಯಾಗಿ ಬರುತ್ತಿದೆಯೇ ನೋಡಬೇಕಲ್ಲ, ಅದು ಹೊಸದಾಗಿ ಸೇರಿದವನ ಕೆಲಸವಂತೆ. ಎದುರಿಗೆ ಕುರ್ಚಿ ತುಂಬ ಮಂದಿ. ಎಲ್ಲರೂ ಬೇರೆ ನೋಡಲು ಏನೂ ಇಲ್ಲದೆ ನನ್ನನ್ನೇ ನೋಡುತ್ತಿದ್ದರು. ನಾನು ಮೈಕಿನ ಹತ್ತಿರ ಹೋದೆ. ಬಾಯಿ ತೆರೆದೆ. ಬಹಳ ಹೊತ್ತು ತೆರೆದುಕೊಂಡೇ ನಿಂತೆ.

ಯಾವ ಸ್ಪೀಕರಿನಿಂದಲೂ ಏನೂ ಬರಲಿಲ್ಲ. ಖಮರುದ್ದೀನ್ ಎದ್ದು, ಟೆಸ್ಟರ್ ತೆಗೆದುಕೊಂಡು, ಪ್ಲಗ್ಗು ಬದಲಿಸಲು ಹೋದ.